ಬಾಲದೊಳಗೆ ಸಿಕ್ಕಿಬಿದ್ದ ಸೈಕಲ್ ಕಡ್ಡಿ

ನಾನು ಒಂದು ಸೈಕಲ್ ಚಕ್ರದ ಕಡ್ಡಿ. ಯಾವುದೋ ಕಾರ್ಖಾನೆಯಲ್ಲಿ ಸಾವಿರಾರು ಅಣ್ಣತಮ್ಮಂದಿರ ಜೊತೆ ಹುಟ್ಟಿದೆ. ಬುದ್ಧಿ ಬರುವ ಹೊತ್ತಿಗೆ ಧಾರವಾಡದ ಹಾಲಿನ ಈರಪ್ಪನ ಸೈಕಲ್ಲಿನಲ್ಲಿದ್ದೆ. ಎರಡು ಕ್ಯಾನುಗಳ ಭಾರ ಹೊತ್ತು ಆರು ವರ್ಷ ತಿರುಗಿದೆ. ಒಂದು ದಿನ ಹಿಂದಿನ ಚಕ್ರ ಚರಂಡಿಯ ಕಲ್ಲಿಗೆ ಬಡಿದು ಸೊಟ್ಟಗಾಯಿತು. ರಿಪೇರಿಯ ಮಕ್ತುಮಸಾಬರು ಕಡ್ಡಿಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿದರು. ಅವುಗಳಲ್ಲಿ ನೆಟ್ಟಗೆ ಉಳಿದವನು ನಾನೊಬ್ಬನೇ.

ಅಂಗಡಿಯ ಪಕ್ಕದ ಮನೆಯಲ್ಲಿ ಕಸ್ತೂರಿಬಾಯಿ ಜಂಪರು, ಲಂಗ ಹೊಲಿಯುತ್ತಿದ್ದರು. ಲಂಗಕ್ಕೆ ಲಾಡಿ ಪೋಣಿಸಲು ಒಂದು ಕಡ್ಡಿ ಬೇಕೆಂದು ಕೇಳಿದರು. ಸಾಬರು ಹುಟ್ಟಿನಿಂದಲೇ ಬಾಗಿದ ನನ್ನ ತಲೆಯನ್ನು ಕತ್ತರಿಸಿ, ತುದಿಯನ್ನು ಸಾಣೆಗೆ ಹಿಡಿದು, ನುಣ್ಣಗಾಯಿತೇ ಎಂದು ತಮ್ಮ ಗಲ್ಲಕ್ಕೇ ಒತ್ತಿ ನೋಡಿದರು. ಬಟ್ಟೆಗೆ ಚುಚ್ಚಬಾರದೆಂದು ತಮ್ಮ ಗಲ್ಲವನ್ನು ಒಡ್ಡಿದ ಆ ಮನುಷ್ಯನನ್ನು ನಾನು ಮರೆತಿಲ್ಲ.

ಕಸ್ತೂರಿಬಾಯಿಯವರಿಗೆ ಒಂದು ಪದ್ಧತಿಯಿತ್ತು. ಪ್ರತಿ ಹೊಲಿಗೆಯ ಒಳಗೂ ಹೆಬ್ಬೆರಳಗಲ ಬಟ್ಟೆ ಬಿಡುತ್ತಿದ್ದರು. "ಹೆಣ್ಣಮಕ್ಕಳ ಮೈ ಯಾವಾಗ್ಲೂ ಒಂದ ನಮೂನಿ ಇರೂದಿಲ್ಲವ್ವಾ. ಒಳಗ ಬಟ್ಟಿ ಇದ್ರ ಬಿಚ್ಚಿ ಹೊಲ್ಕೋಬಹುದು" ಎನ್ನುತ್ತಿದ್ದರು. ಮದುವೆಯಲ್ಲಿ ಹೊಲಿಸಿದ ಜಂಪರನ್ನೇ ಬಾಣಂತನವಾದ ಮೇಲೆ ಸಡಿಲ ಮಾಡಿಸಿಕೊಂಡು ಹೋದವರು ಎಷ್ಟೋ ಮಂದಿ. ಆ ಕೆಲಸಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ಓಣಿಯವರೆಲ್ಲ ಹೊಲಿದಿಟ್ಟ ಬಟ್ಟೆ ಕೊಳ್ಳತೊಡಗಿದರು. ಮಷಿನ್ನಿಗೆ ಹೊದಿಸಿದ ಸೀರೆಯ ತುಂಡನ್ನು ಹೊಲಿಗೆಗೆಂದು ವಾರಗಟ್ಟಲೆ ತೆಗೆಯುವ ಪ್ರಸಂಗವಿಲ್ಲ. ಬಾಯಿಯವರು ಬೆಳಿಗ್ಗೆ ಎದ್ದು ಮಷಿನ್ನಿಗೆ ಎಣ್ಣೆ ಬಿಡುವರು, ಅದರ ಮುಂದೆ ಸುಮ್ಮನೆ ಕೂರುವರು. ನನಗೂ ಕೆಲಸವಿಲ್ಲ. ದಾರದ ಉಂಡೆಗಳ ನಡುವೆ ಬಿದ್ದು ಬೇಸತ್ತೆ.

ಒಂದು ಶುಕ್ರವಾರ ವತ್ಸಲಾ ಟೀಚರ್ ಬಂದರು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಈಗ ಕೆಳಗಿನ ಓಣಿಯ ಒಂದು ಕೋಣೆಯಲ್ಲಿ ಎಂಟು ಹೆಂಗಸರನ್ನು ಕೂಡಿಸಿಕೊಂಡು ಅಂಗನವಾಡಿ ಮಕ್ಕಳಿಗೆ ಬಟ್ಟೆಯ ಪ್ರಾಣಿಗಳನ್ನು ಮಾಡಿಸುತ್ತಿದ್ದರು. ಅಲ್ಲಿ ಒಂದು ಜಾಗ ಖಾಲಿಯಿತ್ತು.

"ಮಂಗ್ಯಾನ ಮೈ ನಾವ ಹೊಲದೀವಿ. ಬಾಲ ಅಷ್ಟ ನೀವು ಮಾಡ್ರಿ. ಮೂರು ಬಾಲಕ್ಕ ಆಗೂವಷ್ಟು ಬಟ್ಟಿ ಅದ. ಗೆರಿ ಹಾಕೀನಿ, ಗೆರಿ ಮ್ಯಾಲ ಹೊಲದು, ಕತ್ತರಿಸಿ, ತಿರುವಿ ಹಾಕ್ರಿ. ಸೋಮವಾರ ನೋಡ್ತೀನಿ. ಛಂದ ಆದ್ರ ಆ ಜಾಗ ನಿಮಗ."

"ಮೂವತ್ತು ವರ್ಷ ಜಂಪರ ಹೊಲದಾಕಿ ನಾ. ಮಂಗ್ಯಾನ ಬಾಲ ಏನ ಮಹಾ, ಟೀಚರ!"

"ನೋಡೂಣಲ್ಲ" ಎಂದು ಟೀಚರ್ ನಕ್ಕು ಹೋದರು.

ಬಾಲವೆಂದರೆ ಕಿರುಬೆರಳಿನಷ್ಟು ಸಪೂರ, ಒಂದು ತುದಿ ಮುಚ್ಚಿದ ಉದ್ದನೆಯ ಚೀಲ. ಹೊಲಿಯುವುದು ಬಟ್ಟೆಯ ಒಳಮೈ ಹೊರಗಿಟ್ಟು. ಆಮೇಲೆ ಮುಚ್ಚಿದ ತುದಿಗೆ ನನ್ನನ್ನು ಒತ್ತಿ ಒಳಗೆ ದೂಡುತ್ತ ಹೋದರೆ, ಬಟ್ಟೆ ಮಗುಚಿಕೊಂಡು ಆಚೆ ತುದಿಯಿಂದ ಹೊರಬರಬೇಕು. ಬರಲಿಲ್ಲ. ಒಂದು ಗೇಣು ಹೋಗಿ ಸಿಕ್ಕಿಬಿದ್ದೆ. ಹಟಮಾರಿ ಬಾಲ ಎಂದು ಶಪಿಸಿದೆ. ಮುಂದೆ ಜಾಗವಿಲ್ಲ, ಹಿಂದೆ ಬರಲು ಬಾಯಿಯವರು ಬಿಡುವುದಿಲ್ಲ. ಎಳೆದರು, ಜಗ್ಗಿದರು, ಒದ್ದೆ ಮಾಡಿದರು, ಸೀರೆಯ ಸೆರಗಿನಿಂದ ನನ್ನನ್ನು ಹಿಡಿದು ತಿರುಚಿದರು. ಶನಿವಾರ ಸಂಜೆ ಮೊದಲ ಬಾಲದ ಹೊಲಿಗೆ ಬಿಟ್ಟಿತು. ಭಾನುವಾರ ಎರಡನೆಯ ಬಾಲದ ತುದಿಯನ್ನು ತೂರಿಕೊಂಡು ನಾನೇ ಹೊರಬಂದೆ.

ಅಷ್ಟರಲ್ಲಿ ತಪ್ಪೆಲ್ಲಿದೆ ಎಂದು ನನಗೆ ಗೊತ್ತಾಗಿತ್ತು. ಒಳಗೆ ಹೋಗಿ ಬಂದವನು ನಾನೇ ತಾನೆ! ಅಷ್ಟು ಸಪೂರದ ಬಾಲಕ್ಕೂ ಬಾಯಿಯವರು ಗೆರೆಯ ಆಚೆ ಹೆಬ್ಬೆರಳಗಲ ಬಟ್ಟೆ ಬಿಟ್ಟಿದ್ದರು. ಅದೆಲ್ಲ ಒಳಗೆ ಮುದುಡಿ ದಾರಿಯನ್ನು ಕಟ್ಟಿಹಾಕಿತ್ತು. ಕೂಗಿ ಹೇಳಬೇಕೆನಿಸಿತು. ಕಡ್ಡಿಗೆಲ್ಲಿಯ ಬಾಯಿ?

"ಹಾಳಾದ ಕಡ್ಡಿ!" ಎಂದು ಅವರು ನನ್ನನ್ನು ಬಾಗಿಲಾಚೆ ಎಸೆದರು.

ನಾನು ಬಿದ್ದದ್ದು ಎದುರು ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಗೌರವ್ವನ ಮೊರದಲ್ಲಿ. ಆಕೆ ನನ್ನನ್ನು ಎತ್ತಿಕೊಂಡು ಒಳಗೆ ಬಂದಳು. ಕಣ್ಣೊರೆಸಿಕೊಳ್ಳುತ್ತಿದ್ದ ಬಾಯಿಯವರನ್ನು ಕಂಡೂ ಕಾಣದವಳಂತೆ, ಹರಿದ ಬಾಲವನ್ನು ಹಿಚುಕಿ ನೋಡಿದಳು.

"ಇದರಾಗ ಅರಳಿ ತುಂಬೀರೇನ್ರೀ, ಬಾಯಾರ?"

"ಇನ್ನೂ ಎಲ್ಲಿ ಅರಳಿ? ತಿರುವಿದ ಮ್ಯಾಲ ತುಂಬೂದು."

"ಮತ್ತ ಇಷ್ಟ್ಯಾಕ ದಪ್ಪ?" ಗೌರವ್ವ ಅಂಚನ್ನು ಬಿಡಿಸಿ ಹಿಡಿದಳು. "ಅಯ್ಯ, ಇಷ್ಟ ಬಟ್ಟಿ ಬಿಟ್ಟೀರಲ್ಲ!"

"ಬಿಡಬೇಕವ್ವಾ. ನಾಳೆ ಬಿಗಿ ಆತಂದ್ರ?"

"ಮಂಗ್ಯಾನ ಬಾಲ ಯಾವ ಬಾಣಂತನಕ್ಕ ದಪ್ಪ ಆಗೂದೈತ್ರೀ!"

ಬಾಯಿಯವರು ಆ ಬಾಲವನ್ನು ಎತ್ತಿ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಉಳಿದದ್ದು ಒಂದೇ ಬಾಲದ ಬಟ್ಟೆ. ಸಣ್ಣ ಸಣ್ಣ ಹೊಲಿಗೆ ಹಾಕಿದರು. ಕತ್ತರಿ ಹಿಡಿದವರು ಗೆರೆಯ ಹತ್ತಿರ ಬಂದು ನಿಂತುಬಿಟ್ಟರು. ಮೂವತ್ತು ವರ್ಷ ಅಂಚಿನ ಬಟ್ಟೆಯನ್ನು ಕತ್ತರಿಸದೆ ಉಳಿಸಿದ ಕೈ ಅದು. "ಆಗೂದಿಲ್ಲ, ಗೌರಾ" ಎಂದರು.

"ನಾ ಹಿಡೀತೀನಿ. ನೀವ ಕತ್ತರಸ್ರಿ."

ಗೌರವ್ವ ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಜೋಳದ ಕಾಳಿನಷ್ಟು ಅಗಲ ಬಿಟ್ಟು ಬಾಯಿಯವರು ಕತ್ತರಿಸುತ್ತ ಹೋದರು. ಈ ಸಲ ನಾನು ಮೆಲ್ಲಗೆ ಸರಿಯುತ್ತ ಆಚೆ ತುದಿಗೆ ಬಂದೆ. ಬಾಲದ ಮೂತಿ ಹೊರಗೆ ಇಣುಕಿತು. ಬಾಯಿಯವರು ಅದನ್ನು ಉಗುರಲ್ಲಿ ಹಿಡಿದು ಎಳೆದುಕೊಂಡರು.

ಸೋಮವಾರ ಟೀಚರ್ ಬಾಲವನ್ನು ಜಗ್ಗಿ, ತಿರುಚಿ, ಬೆಳಕಿಗೆ ಹಿಡಿದು ನೋಡಿದರು. "ನಾಳಿಂದ ಬರ್ರಿ" ಎಂದರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. "ಈ ಕಡ್ಡಿ ತರಬ್ಯಾಡ್ರಿ ಮತ್ತ. ನಮ್ಮಲ್ಲಿ ಪ್ಲಾಸ್ಟಿಕ್ ನಳಿಗಿ ಅದಾವು, ಎರಡ ನಿಮಿಷಕ್ಕ ತಿರುಗ್ತಾವು."

ಎರಡು ದಿನ ಬೈಸಿಕೊಂಡದ್ದು ನಾನು. ಕೆಲಸ ಹಿಡಿತಕ್ಕೆ ಬಂದ ಮರುದಿನವೇ ಬೇಡವಾದೆ.

ಈಗ ನನಗೆ ತುಕ್ಕು ಹತ್ತಿದೆ. ಬಟ್ಟೆಗೆ ಕಲೆಯಾಗುತ್ತದೆಂದು ಯಾರೂ ಮುಟ್ಟುವುದಿಲ್ಲ. ಚಿಲಕ ಮುರಿದ ಕಿಟಕಿಯ ಕದಗಳ ಎರಡು ಕಬ್ಬಿಣದ ಬಳೆಗಳಲ್ಲಿ ಬಾಯಿಯವರು ನನ್ನನ್ನು ಅಗಳಿಯಂತೆ ತೂರಿಸಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಅವರು ಚೀಲ ಹಿಡಿದು ಕೆಳಗಿನ ಓಣಿಗೆ ಹೋಗುವುದು ಕದದ ಸಂದಿಯಿಂದ ಕಾಣುತ್ತದೆ. ಹೋಗುವ ಮುನ್ನ ನಾನು ಗಟ್ಟಿಯಾಗಿ ಕೂತಿದ್ದೇನೆಯೇ ಎಂದು ಒಮ್ಮೆ ಮುಟ್ಟಿ ನೋಡುತ್ತಾರೆ.

ಮಧ್ಯಾಹ್ನ ಗಾಳಿ ಎದ್ದು ಕಿಟಕಿಯನ್ನು ದೂಡುತ್ತದೆ. ಅಲುಗಲು ನನಗೆ ಒಂದಿಷ್ಟೂ ಜಾಗವಿಲ್ಲ. ಗಾಳಿಗೆ ಅದು ತಿಳಿಯುವುದಿಲ್ಲ, ಮತ್ತೆ ಮತ್ತೆ ದೂಡುತ್ತದೆ. ಆ ಎರಡು ಬಾಲಗಳನ್ನು ಹಟಮಾರಿಗಳೆಂದು ಎಷ್ಟು ಶಪಿಸಿದ್ದೆ! ಪಾಪ, ಅವು ಹಟ ಮಾಡಿರಲಿಲ್ಲ; ಅವಕ್ಕೂ ಸರಿಯಲು ಜಾಗವಿರಲಿಲ್ಲ.