ತಿಳಿದ ಓಣಿಯಲ್ಲೇ ದಾರಿ ತಪ್ಪಿದರೆ

ಫೆಸ್ ಊರಿನ ಹಳೇ ಪೇಟೆಯಲ್ಲಿ ಬಂಡಿ ನುಗ್ಗುವಷ್ಟು ಅಗಲದ ಓಣಿ ಒಂದೂ ಇಲ್ಲ. ಸಾಮಾನೆಲ್ಲ ಹೇಸರಗತ್ತೆಯ ಬೆನ್ನ ಮೇಲೆಯೇ ಸಾಗಬೇಕು. ಅಲ್ಲಾಲ್ ಮೀಸೆ ಮೂಡುವ ಮೊದಲಿನಿಂದ ಅದೇ ಕೆಲಸ ಮಾಡಿಕೊಂಡು ಬಂದವನು. “ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಅಲ್ಲಾಲ್ ಮನೆ ಸೇರ್ತಾನೆ” ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವನ ಹೆಂಡತಿ ಹನಿಯಾಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಅವರ ಹೇಸರಗತ್ತೆ ಜರ್ಗಾ ಕಾಲು ಉಳುಕಿಸಿಕೊಂಡಿತು. ಅಲ್ಲಾಲ್ ಬೇರೆಯವರ ಹೇಸರಗತ್ತೆ ತಂದು, ಓಣಿಯವರೆಲ್ಲ ರೊಟ್ಟಿ ಸುಡಿಸುವ ಒಲೆಮನೆಗೆಂದು ಸೌದೆ ಹೇರಿಕೊಂಡು ಹೊರಟ. ಒಲೆಮನೆ ಕೂಗಳತೆಯಲ್ಲೇ ಇದೆ. ಆದರೂ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹೊತ್ತು ಇಳಿಯುವಾಗ ಚರ್ಮ ಹದ ಮಾಡುವವನೊಬ್ಬ ಅವನ ಕೈ ಹಿಡಿದು ಕರೆತಂದ. ಊರಿನ ಇನ್ನೊಂದು ತುದಿಯಲ್ಲಿ, ಯಾರದೋ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದನಂತೆ. ಹೇರಿದ ಸೌದೆ ಹಾಗೇ ಇತ್ತು.

“ಒಲೆಮನೆ ಓಣಿಗೆ ಅಡ್ಡ ಗೋಡೆ ಕಟ್ಟಿಬಿಟ್ಟಿದ್ದಾರೆ” ಎಂದ ಅಲ್ಲಾಲ್.

ಯಾರೂ ಗೋಡೆ ಕಟ್ಟಿರಲಿಲ್ಲ.

ಮರುದಿನ ಹನಿಯಾ ಅಂಗಳದಲ್ಲಿ ಕೆಂಡಕ್ಕೆ ಧೂಪ ಹಾಕುತ್ತಿದ್ದಳು. ಅದೇ ಮನೆಯ ಮಹಡಿಯಲ್ಲಿರುವ ಬತೂಲ್ ಕೆಳಗಿಳಿದು ಬಂದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸ್.

“ಏನಕ್ಕ, ಹೊಗೆ ಜೋರಾಗಿದೆ?”

“ದೃಷ್ಟಿ ಬಿದ್ದಿದೆ ಕಣೆ. ಊರೆಲ್ಲ ಹೊಗಳಿ ಹೊಗಳಿ ಹೀಗಾಯ್ತು.”

“ಧೂಪ ಹಾಕು, ನಾನು ಬೇಡ ಅನ್ನಲ್ಲ. ಹಾಗೇ ಡಾಕ್ಟ್ರಿಗೂ ಒಂದ್ಸಲ ತೋರಿಸು.”

“ಜ್ವರ ಇಲ್ಲ, ನೋವಿಲ್ಲ, ಡಾಕ್ಟ್ರು ಯಾಕೆ? ವಯಸ್ಸಾಯ್ತು, ಮರೆವು. ಉಪ್ಪಿನ ಡಬ್ಬ ಎಲ್ಲಿಟ್ಟೆ ಅಂತ ನಾನು ಮರೆಯಲ್ವಾ?”

“ಉಪ್ಪಿನ ಡಬ್ಬ ಮರೆಯೋದು ಬೇರೆ ಅಕ್ಕ. ಅಡುಗೆಮನೆ ಯಾವ ಕಡೆ ಅನ್ನೋದನ್ನೇ ಮರೆಯೋದು ಬೇರೆ.”

ಹನಿಯಾಳ ಮುಖ ಬಿಗಿಯಿತು. “ಅವರಿಗೆ ಎಲ್ಲರ ಹೆಸರೂ ಗೊತ್ತು. ಅವರ ತಾತನ ಮದುವೇಲಿ ಯಾರು ಜಗಳ ತೆಗೆದ್ರು ಅಂತ ಕೇಳು, ಬೆಳಗಿಂದ ಸಂಜೆ ತನಕ ಹೇಳ್ತಾರೆ.”

“ಅದಕ್ಕೇ ನಿನಗೆ ಗೊತ್ತಾಗಿಲ್ಲ.” ಬತೂಲ್ ಅವಳ ಪಕ್ಕ ಕೂತಳು. “ನೋಡು, ಮಿದುಳಿನ ಒಳಗಡೆ, ಎರಡೂ ಕಿವಿ ಮಗ್ಗುಲಿಗೆ, ಕಿರುಬೆರಳಿನಷ್ಟು ಒಂದೊಂದು ಭಾಗ ಇದೆ. ದಾರಿ ನೋಡ್ಕೊಳ್ಳೋ ಕೆಲಸ ಬಹಳಮಟ್ಟಿಗೆ ಅದರದ್ದು. ನೀನು ಬಾವಿಕಟ್ಟೆ ಹತ್ರ ಬಂದ್ರೆ ಅಲ್ಲಿ ಒಂದಿಷ್ಟು ಜೀವಕೋಶ ಎಚ್ಚರಾಗ್ತವೆ. ಮಸೀದಿ ಹತ್ರ ಹೋದ್ರೆ ಬೇರೆ ಒಂದಿಷ್ಟು. ಎಷ್ಟು ದೂರ ಬಂದೆ, ಯಾವ ಕಡೆ ಮುಖ ಮಾಡಿದೀಯ ಅಂತ ಹೇಳೋ ಜೀವಕೋಶಗಳು ಅದರ ಅಕ್ಕಪಕ್ಕದಲ್ಲೇ ಇವೆ. ಎಲ್ಲ ಸೇರಿ ತಲೆಯೊಳಗೆ ಊರಿನ ನಕ್ಷೆ ಬರೆದಿಡ್ತವೆ. ಮರೆವಿನ ಕಾಯಿಲೆ ಎಷ್ಟೋ ಜನರಿಗೆ ಮೊದಲು ಅಲ್ಲೇ ಕೈ ಹಾಕುತ್ತೆ. ಹೆಸರು, ಮುಖ, ಹಳೇ ಕಥೆ ಎಲ್ಲ ಸರಿಯಾಗೇ ಇರ್ತವೆ. ದಾರಿ ಹೋಗಿರುತ್ತೆ.”

“ಹಂಗಾದ್ರೆ ಇಷ್ಟು ದಿನ ಮನೆಗೆ ಹೆಂಗೆ ಬರ್ತಿದ್ರು?”

ಬತೂಲ್ ಮೂಲೆಯಲ್ಲಿ ಜವೆ ಮೆಲ್ಲುತ್ತಿದ್ದ ಜರ್ಗಾ ಕಡೆ ನೋಡಿದಳು. “ಮುಂದೆ ಯಾರು ನಡೀತಿದ್ರು ಅಕ್ಕ? ಅಣ್ಣನಾ, ಅದಾ?”

ಹನಿಯಾ ನೆನಪಿಸಿಕೊಂಡಳು. ಮೊದಲೆಲ್ಲ ಅಲ್ಲಾಲ್ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ. ಈಚೆಗೆ ಅದರ ಬೆನ್ನ ಮೇಲೆ ಕೈಯಿಟ್ಟು ಹಿಂದೆ ಬರುತ್ತಿದ್ದ. ಮಂಡಿನೋವು ಎಂದುಕೊಂಡಿದ್ದಳು.

ಆದರೂ ಮನಸ್ಸು ಒಪ್ಪಲಿಲ್ಲ. ತಾನೇ ಪರೀಕ್ಷಿಸಿ ನೋಡಲು, ಮಗಳ ಮನೆಗೆ ಹೋಗೋಣ ಎಂದು ಗಂಡನನ್ನು ಹೊರಡಿಸಿದಳು. ನೀರಿನ ತೊಟ್ಟಿಯ ಹತ್ತಿರ ಓಣಿ ಕವಲೊಡೆಯುತ್ತದೆ. ಅಲ್ಲಿ ಅಲ್ಲಾಲ್ ನಿಂತು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಹನಿಯಾನೂ ನಿಂತಳು. ಅವನು ಇನ್ನೊಂದು ಚಪ್ಪಲಿ ಸರಿಮಾಡಿಕೊಂಡ. ಆಮೇಲೆ ಅವಳ ಪಾದಗಳನ್ನೇ ನೋಡುತ್ತ ನಿಂತ, ಅವು ಯಾವ ಕಡೆ ತಿರುಗುತ್ತವೋ ಎಂದು.

“ಯಾವ ಕಡೆ?” ಎಂದು ಮೆಲ್ಲಗೆ ಕೇಳಿದಳು.

ಅಲ್ಲಾಲ್ ತಲೆಯೆತ್ತಲಿಲ್ಲ. “ಹೋದ ವರ್ಷದಿಂದ ಹೀಗೇ ಇದೆ ಹನಿಯಾ. ಹೇಳಿದ್ರೆ ನೀವೆಲ್ಲ ಸೇರಿ ಜರ್ಗಾನ ಮಾರಿಬಿಡ್ತೀರಿ ಅಂತ ಹೆದರಿದೆ. ಕೆಲಸ ಬಿಟ್ರೆ ನಾನು ಯಾರು ಹೇಳು?”

ಹನಿಯಾ ಅವನ ಕೈ ಹಿಡಿದುಕೊಂಡಳು. ಮಗಳ ಮನೆಗೆ ಹೋಗದೆ ಸೀದಾ ಬತೂಲಳ ಹತ್ತಿರ ಬಂದರು.

ಅವಳು ಕರೆದೊಯ್ದ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು, ಯಾವ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ಕೆಲವರಿಗೆ ಜೀವಸತ್ವದ ಕೊರತೆಯಿಂದಲೋ ಥೈರಾಯ್ಡ್ ತೊಂದರೆಯಿಂದಲೋ ಯಾವುದೋ ಮಾತ್ರೆಯಿಂದಲೋ ಹೀಗಾಗುತ್ತದೆ, ಅದು ವಾಸಿಯಾಗುವಂಥದ್ದು. ಅಲ್ಲಾಲನಿಗೆ ಆಗಿದ್ದು ಅದಲ್ಲ. ಮರೆವಿನ ಕಾಯಿಲೆಯೇ ಶುರುವಾಗಿತ್ತು. “ಪೂರ್ತಿ ವಾಸಿ ಮಾಡೋ ಔಷಧ ಇಲ್ಲಮ್ಮ. ಆದ್ರೆ ಬೇಗ ಬಂದಿದ್ದೀರಿ. ಏನು ಮಾಡ್ಬೇಕು ಅಂತ ಅವರನ್ನೇ ಕೇಳಿ ಮಾಡಬಹುದು” ಎಂದರು ಡಾಕ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಹನಿಯಾ ಮುಸುಕಿನ ಮರೆಯಲ್ಲಿ ಅತ್ತಳು.

ಕೇಳಿದಾಗ ಅಲ್ಲಾಲ್ ಹೇಳಿದ್ದು ಒಂದೇ ಮಾತು: “ಮನೇಲಿ ಕೂರಿಸಬೇಡಿ.” ಈಗ ಜರ್ಗಾನ ಹಗ್ಗ ಹಿಡಿದು ಅಳಿಯ ಮುಂದೆ ನಡೆಯುತ್ತಾನೆ. ಹೊರೆ ಕಟ್ಟುವುದು ಮಾತ್ರ ಅಲ್ಲಾಲನೇ. ಅವನು ಹಾಕಿದ ಗಂಟು ಇವತ್ತಿಗೂ ಜಾರುವುದಿಲ್ಲ. ಅವನು ದಾರಿ ತಪ್ಪಿದರೆ ನೋಡಿಕೊಳ್ಳಲಿ ಎಂದು ಓಣಿಯ ಅಂಗಡಿಯವರಿಗೆ ವಿಷಯ ಹೇಳಬೇಕಿತ್ತು, ಆದರೆ ಹನಿಯಾಗೆ ನಾಲಿಗೆ ಏಳಲಿಲ್ಲ. ಕೊನೆಗೆ ಮಸಾಲೆ ಅಂಗಡಿಯವನಿಗೆ ಹೇಳಿದಳು. “ಇಷ್ಟೇನಾ ಅಕ್ಕ? ಒಬ್ಬರೇ ಈ ಕಡೆ ಬಂದ್ರೆ ಕರೆದು ಚಹಾ ಕೊಟ್ಟು ಕೂರಿಸ್ಕೊಳ್ತೀನಿ. ನೀವು ಬಂದು ಕರ್ಕೊಂಡು ಹೋಗಿ” ಎಂದ ಅವನು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ದಿನಾ ಓಡಾಡುವ ದಾರಿಯಲ್ಲಿ ಅವರು ತಡವರಿಸಿದರೆ ನಗಬೇಡಿ, ಗದರಬೇಡಿ, ವಯಸ್ಸಾಯಿತು ಎಂದು ತಳ್ಳಿಹಾಕಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ವಾಸಿಯಾಗುವ ಕಾರಣವೇ ಇರಬಹುದು. ಇಲ್ಲದಿದ್ದರೂ, ಮುಂದೆ ಹೇಗೆ ಬದುಕಬೇಕೆಂದು ಅವರೇ ಹೇಳುವಷ್ಟು ಸಮಯ ಸಿಗುತ್ತದೆ. ನಮಗೆ ದಾರಿ ತಪ್ಪುತ್ತಿದೆ ಎಂದು ಅವರಾಗಿ ಬಾಯಿಬಿಡುವುದು ಕಡಿಮೆ. ನೀವೇ ಕೇಳಿ, ಮೆಲ್ಲಗೆ ಕೇಳಿ, ಇವತ್ತೇ ಕೇಳಿ.