ಎಂಜಿನ್ನಿಗೆ ಎರೆದ ನೀರು

ಶಾಂತಪ್ಪ ಆ ಗಾಡಿಯ ಮುಖ ನೋಡಿ ತಿಂಗಳಾಗುತ್ತ ಬಂದಿತ್ತು. ನೋಡುವ ಮನಸ್ಸೂ ಅವನಿಗಿರಲಿಲ್ಲ. ಆದರೆ ಗಾಡಿ ನಿಂತಿದ್ದು ಭಾಂಡುಪ್‌ನ ಗುಡ್ಡದ ಚಾಳಿನಲ್ಲಿ, ತಮ್ಮನ ಮನೆಯ ಬಾಗಿಲಿಗೇ ಮೂಗು ಹಚ್ಚಿಕೊಂಡು. ತಮ್ಮನ ಹೆಂಡತಿಯನ್ನು ಮಾತಾಡಿಸಬೇಕೆಂದರೆ ಅದನ್ನು ದಾಟಿಯೇ ಹೋಗಬೇಕು. ಹೋಗದೆ ಇರಲಿಕ್ಕೆ ಇವನೇನು ಹೊರಗಿನವನೇ? ಸತ್ತವನು ಬೆನ್ನಿಗೆ ಬಿದ್ದ ತಮ್ಮ, ದೇವಾನಂದ.

ಅವನು ಸತ್ತ ಕತೆ ಚಾಳಿನ ಮಂದಿಗೆಲ್ಲ ಬಾಯಿಪಾಠವಾಗಿದೆ. ಮುಂಜಾನೆ ಎದೆ ಹಿಡಿದುಕೊಂಡಿತು. ಆ ಏರು ಹತ್ತಿ ರಿಕ್ಷಾದವರು ಬರುವುದಿಲ್ಲ, ಆಂಬುಲೆನ್ಸಿನ ಮಾತಂತೂ ಬಿಡಿ. ಹಿಂದಿನ ಗಲ್ಲಿಯಲ್ಲಿರುವ ಶಾಂತಪ್ಪ ಓಡಿಬಂದು, ತಮ್ಮನನ್ನು ಅವನದೇ ಪಿಕಪ್ಪಿನಲ್ಲಿ ಕೂರಿಸಿ ಕೀಲಿ ತಿರುಗಿಸಿದ. ಗಾಡಿ ಚಾಲೂ ಆಯಿತು, ಕೆಮ್ಮಿತು, ಜಗ್ಗಿತು, ಇಳಿಜಾರಿನಲ್ಲಿ ಹೇಗೋ ಉರುಳಿತು, ಸ್ಟೇಶನ್ ರೋಡಿಗೆ ಬಂದು ಪೂರ್ತಿ ಕೂತುಬಿಟ್ಟಿತು. ರಿಕ್ಷಾ ಹಿಡಿದು ಆಸ್ಪತ್ರೆ ಮುಟ್ಟಿದಾಗ ಡಾಕ್ಟರು, ಸ್ವಲ್ಪ ಮೊದಲೇ ತಂದಿದ್ದರೆ ನೋಡಬಹುದಿತ್ತು ಎಂದರು. ಅವರಿಗೇನು, ಅಂದು ಮುಂದಿನ ಹಾಸಿಗೆಗೆ ಹೋದರು. ಆ ಮಾತು ಹೊತ್ತುಕೊಂಡು ತಿರುಗಿದವನು ಶಾಂತಪ್ಪ.

ಯಾಕೆಂದರೆ ಆ ಗಾಡಿಗೆ ಕಾಯಿಲ್ ಹಾಕಿದವನು ಅವನೇ. ಪ್ಲಗ್ಗಿಗೆ ಕಿಡಿ ಹಾರಿಸಲು ಕರೆಂಟು ಕೊಡುವ ಕಾಯಿಲ್, ಸಿಲಿಂಡರಿಗೊಂದರಂತೆ ನಾಲ್ಕು. ಕಳೆದ ವರ್ಷ ಹಳೆಯವು ಹೋದಾಗ, ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿರುವ ಶಾಂತಪ್ಪ “ಗ್ಯಾರೇಜಿಗೆ ಯಾಕ, ನಾ ಇಲ್ಲೇನು?” ಎಂದು ಜಂಬ ಕೊಚ್ಚಿಕೊಂಡು, ಕುರ್ಲಾದ ಬಿಡಿಭಾಗದ ಬಜಾರಕ್ಕೆ ಹೋಗಿ ಡಬ್ಬಿಯಿಲ್ಲದ ಡುಪ್ಲಿಕೇಟ್ ಮಾಲು ತಂದು, ಬಾಗಿಲ ಮುಂದೆಯೇ ಕೂತು ಹಾಕಿಕೊಟ್ಟಿದ್ದ. ದೇವಾನಂದ ಖುಷಿಯಿಂದ ಅಣ್ಣನಿಗೆ ಮಟನ್ ಊಟ ಹಾಕಿಸಿದ್ದ.

ಮಣ್ಣು ಕೊಟ್ಟು ಬಂದ ದಿನ ಕಸ್ತೂರಿಬಾಯಿ ಎಲ್ಲರೆದುರು ಒಂದೇ ಮಾತು ಅಂದಳು: “ನಿಮ್ಮ ಡುಪ್ಲಿಕೇಟ್ ಮಾಲು ನನ್ನ ಗಂಡನ್ನ ತಿಂತು, ಭಾವಾರ.” ಆಮೇಲೆ ಅವಳು ಅವನಿಗೆ ಮುಖ ಕೊಟ್ಟು ಮಾತಾಡಿಲ್ಲ. ಅವನೂ ಎದುರಾಡಲಿಲ್ಲ. ಎದುರಾಡಲು ಏನಿತ್ತು? ಅವನ ತಲೆಯೊಳಗೂ ಅದೇ ಮಾತು ಗಿರಕಿ ಹೊಡೆಯುತ್ತಿತ್ತು.

ಅವತ್ತು ಚಾಳಿನ ಹುಡುಗರು ಹಗ್ಗ ಕಟ್ಟಿ ಏರಿಗೆ ಎಳೆದು ತಂದು ನಿಲ್ಲಿಸಿದ್ದ ಗಾಡಿ ಈಗ ಮತ್ತೆ ಓಡಬೇಕಿತ್ತು. ಸುಭಾಷನೆಂಬ ಡ್ರೈವರ್ ನಾಳೆಯಿಂದ ಬರಲು ಒಪ್ಪಿದ್ದ. ಕಸ್ತೂರಿಯ ಒಲೆ ಉರಿಯಬೇಕಾದರೆ ಅದೇ ದಾರಿ. ಯಾರೂ ಕೇಳದೆಯೇ ಶಾಂತಪ್ಪ ಈ ಸಲ ಸೀಲು ಒಡೆಯದ ಕಂಪನಿ ಡಬ್ಬಿಗಳನ್ನೇ ತಂದು, ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ನಿಂತು “ಹಾಕಿ ಕೊಡ್ತೀನಿ” ಎಂದ. ಅವಳು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನದೆ ಒಳಗೆ ಹೋದಳು. ಹೋದ ಜೀವ ಹೊಸ ಕಾಯಿಲ್ ಹಾಕಿದರೆ ಬರುತ್ತದೆಯೇ, ಅದು ಅವನಿಗೂ ಗೊತ್ತು. ಕೆಲಸ ಮುಗಿದ ಮೇಲೆ ಅವಳು ಒಂದು ಸಲ “ಚಹಾ ಕುಡೀರಿ, ಭಾವಾರ” ಅಂದರೆ ಸಾಕು. ಅವನ ಆಸೆ ಅಷ್ಟೇ ಇತ್ತು.

ಬ್ಯಾಟರಿಯ ವೈರು ಬಿಚ್ಚಿದ. ಈ ಗಾಡಿಯ ಎಂಜಿನ್ ಇರುವುದು ಡ್ರೈವರನ ಸೀಟಿನ ಕೆಳಗೆ. ಸೀಟು ಎತ್ತಿ, ಮೊದಲ ಕಾಯಿಲ್‌ನ ಬೋಲ್ಟು ತೆಗೆದು, ಸಾವಕಾಶ ತಿರುವುತ್ತ ಮೇಲಕ್ಕೆ ಎಳೆದ. ತುದಿಯ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಕೆಳಗೆ ಪ್ಲಗ್ ಕೂರುವ ಆಳದ ಕುಣಿಯಲ್ಲಿ ಟಾರ್ಚು ಬಿಟ್ಟು ನೋಡಿದರೆ, ನೀರು ನಿಂತು ಆರಿದ ಕಲೆ. ಸ್ಕ್ರೂಡ್ರೈವರಿಗೆ ಚಿಂದಿ ಸುತ್ತಿ ಒಳಗೆ ಒರೆಸಿದ. ಚಿಂದಿ ಹಳದಿಯಾಗಿ ಬಂತು.

ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಒಂದಿಷ್ಟು ಕುಂಕುಮವೂ ಹೆಪ್ಪುಗಟ್ಟಿತ್ತು. ಶಾಂತಪ್ಪ ಚಿಂದಿಯನ್ನು ಮೂಗಿಗೆ ಹಿಡಿದ. ಅರಿಶಿಣ, ಸಂಶಯವೇ ಇಲ್ಲ.

ಅಮಾಸಿಗೊಮ್ಮೆ ಗಾಡಿ ತೊಳೆದು ಪೂಜೆ ಮಾಡುವುದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ಇವರ ಕಡೆಯ ರೂಢಿ. ಆದರೆ ದೇವಾನಂದ ಟೈರಿಗೆ ನೀರು ಹಾಕುತ್ತಿದ್ದ, ಎಂಜಿನ್ನನ್ನು ಮಾತ್ರ ಹಿಂಡಿದ ಬಟ್ಟೆಯಿಂದ ಒರೆಸಿ ಬಿಡುತ್ತಿದ್ದ. ಅಲ್ಲಿ ನೀರು ಇಳಿದರೆ ಕರೆಂಟು ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ, ಗಾಡಿ ಕೆಮ್ಮಿ ಕೂತುಬಿಡುತ್ತದೆ. ಕಾಯಿಲ್ ಕಂಪನಿಯದಾದರೂ ಅಷ್ಟೇ, ಡುಪ್ಲಿಕೇಟ್ ಆದರೂ ಅಷ್ಟೇ. ತಮ್ಮ ಸತ್ತದ್ದು ಹೋದ ಅಮಾಸಿಯ ಮರುದಿನ ಮುಂಜಾನೆ.

ಹಾಗಾದರೆ ನನ್ನಿಂದಲ್ಲ, ಅಂದುಕೊಂಡ ಶಾಂತಪ್ಪ. ಹೇಳಬಾರದು, ಆದರೆ ಆ ಗಳಿಗೆ ಅವನಿಗೆ ಆದದ್ದು ಸಂತೋಷವೇ. ಎಷ್ಟೋ ದಿನದ ಮೇಲೆ ಎದೆತುಂಬ ಉಸಿರು ಎಳೆದುಕೊಂಡ. ಕಸ್ತೂರಿಯನ್ನು ಕರೆದು ತೋರಿಸಬೇಕು, ಚಾಳಿನವರನ್ನೂ ಕರೆಯಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೊಡ ಹಿಡಿದು ಹೊರಗೆ ಬಂದಳು. ಕೊಡದಲ್ಲಿ ಅರಿಶಿಣದ ನೀರು.

“ಇವತ್ತ ಅಮಾಸಿ,” ಎಂದಳು, ಅವನ ಕಡೆ ನೋಡದೆ. “ನಾ ಹಾಕಬಾರದಂತ, ಬಾಜೂ ಮನಿ ಭಾಗವ್ವ ಅಂದ್ಲು. ನೀವ ಹಾಕ್ರಿ. ಮೊದಲ ಎಂಜಿನ್ನಿಗೆ.”

“ಎಂಜಿನ್ನಿಗೆ?”

“ಹೋದ ಅಮಾಸಿಗೆ ಅವರಿಗೆ ಮೈಯಾಗ ಆರಾಮ ಇರಲಿಲ್ಲ, ಮಲಗಿದ್ರು. ನಾನ ಸೀಟ ಎತ್ತಿ ಪೂಜಿ ಮಾಡಿದ್ನಿ. ದುಡಿಯೂದೆಲ್ಲಾ ಎಂಜಿನ್ನ, ಬರೇ ಟೈರ್ ತೊಳದ್ರ ಏನ ಬಂತು? ಕೊಡಗಟ್ಟಲೆ ಎರದ್ನಿ, ಕೂಸಿಗೆ ಎರದಂಗ. ಅವರಿಗೆ ಹೇಳಲೂ ಇಲ್ಲ, ಎದ್ದ ಮ್ಯಾಲ ಹೇಳಿದ್ರಾತಂತ ಬಿಟ್ನಿ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಷ್ಟ ಭಕ್ತಿಲೆ ಮಾಡಿದ್ರೂ ದೇವರು ಕಣ್ಣ ತೆರೀಲಿಲ್ಲ. ನನ್ನ ಪೂಜ್ಯಾಗ ಏನರೆ ತಪ್ಪಾಗಿತ್ತೇನು, ಭಾವಾರ? ನಿಮಗ ಗಾಡಿ ತಿಳೀತೈತಿ, ನೀವ ಹೇಳ್ರಿ.”

ತಿಂಗಳಿಂದ ಮುಖ ತಿರುಗಿಸಿಕೊಂಡಿದ್ದವಳು ಈಗ ನೇರ ಅವನ ಕಣ್ಣು ನೋಡುತ್ತಿದ್ದಳು. ಶಾಂತಪ್ಪನ ಮುಷ್ಟಿಯಲ್ಲಿ ಚಿಂದಿ ಇತ್ತು. ಬಿಚ್ಚಿ ತೋರಿಸಿದರೆ ಇವನ ಹೊರೆ ಇಳಿಯುತ್ತದೆ. ಇಳಿದ ಹೊರೆ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಎದುರಿಗೇ ಕಾಣುತ್ತಿತ್ತು. ಹೊತ್ತುಕೊಂಡು ತಿಂಗಳು ಕಳೆದವನಿಗೆ ಅದರ ಭಾರ ಬೇರೆ ಯಾರೂ ಹೇಳಬೇಕಿರಲಿಲ್ಲ.

“ನಿನ್ನ ಪೂಜ್ಯಾಗ ಏನೂ ತಪ್ಪಾಗಿಲ್ಲ ಬಿಡವಾ,” ಎಂದ.

“ಮತ್ತ?”

“ಕಾಯಿಲ್ ಸುಟ್ಟಿದ್ವು. ಈಗ ತೆಗೆದು ನೋಡಿದ್ನಿ. ಮಾಲು ಖೊಟ್ಟಿ ಇತ್ತು.”

“ಅಂದ್ರ ನಿಮ್ಮದ ತಪ್ಪು.”

“ಹೌದು. ನಂದ.”

ಅವಳು ತಲೆಯಾಡಿಸಿ ಕೊಡ ಕೆಳಗಿಟ್ಟಳು. ಶಾಂತಪ್ಪ ನಾಲ್ಕನೆಯದನ್ನೂ ತೆಗೆದು, ಕುಣಿಗಳನ್ನು ಕಲೆ ಉಳಿಯದ ಹಾಗೆ ಒರೆಸಿ, ಹೊಸ ಕಾಯಿಲ್‌ಗಳನ್ನು ಒತ್ತಿ ಕೂರಿಸಿದ. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಹೊಡೆತಕ್ಕೆ ಎದ್ದು, ಒಂದೇ ಸಮನೆ ಓಡಿತು. ಕಸ್ತೂರಿಬಾಯಿ ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದಳು. ಅವತ್ತು ಹೀಗೆ ಓಡಿದ್ದರೆ ಎಂದು ಅವಳು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅವನು ಎಂಜಿನ್ ಬಂದ್ ಮಾಡಿದ, ಕೊಡ ಎತ್ತಿ ನಾಲ್ಕೂ ಟೈರಿಗೆ ನೀರು ಹಾಕಿದ.

“ಎಂಜಿನ್ನಿಗೆ ಹಾಕಲಿಲ್ಲ,” ಎಂದಳು ಕಸ್ತೂರಿ.

“ದೇವಾ ಎಂಜಿನ್ನಿಗೆ ಎಂದೂ ನೀರ ಹಾಕತಿದ್ದಿಲ್ಲ. ಒರಸತಿದ್ದ. ಅಂವ ಮಾಡಿದಂಗ ಮಾಡು. ಸುಭಾಷಗೂ ಹೇಳತೀನಿ.”

“ಹಾಕಿದ್ರ ಏನಾಕ್ಕೈತಿ?”

ಶಾಂತಪ್ಪ ಬರಿದಾದ ಕೊಡವನ್ನು ಬಾಗಿಲ ಪಕ್ಕಕ್ಕೆ ಇಟ್ಟ.

“ಏನೂ ಆಗೂದಿಲ್ಲ. ಅಂವ ಹಂಗ ಮಾಡತಿದ್ದ, ಅದಕ್ಕ ಅಂದ್ನಿ.”

ಗಂಡನ ಮಾತು ಬಂದದ್ದೇ ಅವಳು ಮೆತ್ತಗಾದಳು. “ಹಂಗಾರ ನಾನ ಒರಸತೀನಿ. ಆ ಬಟ್ಟಿ ಕೊಡ್ರಿ,” ಎಂದು ಕೈ ಚಾಚಿದಳು. “ಇದು ಎಣ್ಣಿದೈತಿ,” ಎಂದು ಶಾಂತಪ್ಪ ಚಿಂದಿಯನ್ನು ಕಿಸೆಗೆ ತುರುಕಿಕೊಂಡ. ಅವಳು ಒಳಗಿಂದ ಗಂಡನ ಟವೆಲು ತಂದು ಹಿಂಡಿ, ಎಂಜಿನ್ನನ್ನು ಮೂಲೆಮೂಲೆಗೂ ಒರೆಸಿದಳು. ಒರೆಸುವಾಗಲೂ ಅಳುತ್ತಿದ್ದಳು.

ಅವನು ಪಾನಾ, ಪಕ್ಕಡ ಮೊದಲಾದ ಸಾಮಾನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ, ಬೇಕೆಂದೇ ತಡ ಮಾಡಿದ. ಚಹಾದ ಮಾತು ಬರಲಿಲ್ಲ.

ಗಲ್ಲಿಯ ತಿರುವಿಗೆ ಬಂದಾಗ ಹಿಂದಿನಿಂದ ಅವಳ ದನಿ ಕೇಳಿಸಿತು. ಭಾಗವ್ವನಿಗೆ ಹೇಳುತ್ತಿದ್ದಳು: “ಒಪ್ಪಿಕೊಂಡ್ರು ನೋಡವಾ, ತಮ್ಮ ಬಾಯಿಲೆ. ಮಂದಿಯೆಲ್ಲಾ ನನ್ನ ಬಾಯಿ ದೊಡ್ಡದು ಅಂತಿದ್ರು. ನಾ ಏನ ಸುಳ್ಳ ಹೇಳಿದ್ನೇನು?”

ಶಾಂತಪ್ಪ ಕಿಸೆಯಿಂದ ಚಿಂದಿ ತೆಗೆದು ಗಟಾರಕ್ಕೆ ಎಸೆದ. ಅದು ಹಳದಿ ಬದಿ ಮೇಲೆ ಮಾಡಿಕೊಂಡು ತೇಲಿತು. ಅವನು ಅಲ್ಲೇ ಬಿದ್ದಿದ್ದ ಕೋಲೊಂದನ್ನು ಎತ್ತಿಕೊಂಡು, ಅದು ಮುಳುಗುವ ತನಕ ಅದುಮಿ ಹಿಡಿದು, ಆಮೇಲೆ ಮನೆಗೆ ಹೋದ.