ಏಕಾಂತಯ್ಯನವರ ತಾಳ್ಮೆ

ಏಕಾಂತಯ್ಯನವರ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಮೂವತ್ತು ವರ್ಷ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ನೀರು ಬತ್ತಿ ಕೊಬ್ಬರಿಯಾಗಿದೆಯೇ ಎಂದು ಆಲಿಸಿದ್ದರ ಫಲವದು ಎಂದು ಅರಸೀಕೆರೆಯ ಪೇಟೆಯಲ್ಲಿ ಹೇಳುತ್ತಿದ್ದರು. ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟು, ನೆಲಕ್ಕೆ ನೋವಾದೀತೆಂಬಂಥ ಮೆಲುನಡೆ, ಯಾವ ಮಾತಿಗೂ ಕೊನೆಯಲ್ಲಿ ಒಂದು "ಆಗಲಿ, ನೋಡೋಣ". ಅಟ್ಟಕ್ಕೆ ಕಾಯಿ ಏರಿಸಿ ವರ್ಷಗಟ್ಟಲೆ ಮುಟ್ಟದೆ ಕಾಯುವ ಅವರ ತಾಳ್ಮೆಯನ್ನು, ನೆರೆಮನೆಯ ಅಂಚೆ ಗುಮಾಸ್ತನಾದ ನಾನು ಬಹುಕಾಲ ಒಂದು ಸದ್ಗುಣವೆಂದೇ ನಂಬಿದ್ದೆ.

ಅರವತ್ತೆರಡನೆಯ ಇಸವಿಯಲ್ಲಿ ಆ ಅಟ್ಟದ ಇಲಿಗಳ ಹಾವಳಿ ತಡೆಯಲಾರದೆ, ದನದ ಆಸ್ಪತ್ರೆಯ ಹಿಂದಿನ ಷೆಡ್ಡಿನಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುತ್ತಿದ್ದ ಕಾಂಪೌಂಡರ್ ಜವರಯ್ಯನಿಂದ ಒಂದು ಬೂದು ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ತಂದರು. "ಯಾರೋ ಹೊಡೆದವ್ರೆ ಸ್ವಾಮಿ, ಮನುಸ್ರನ್ನ ಕಂಡ್ರೆ ಬೆದರ್ತೈತೆ" ಎಂದಿದ್ದನಂತೆ ಜವರಯ್ಯ. ಬುಟ್ಟಿ ತೆರೆದೊಡನೆ ಅದು ಕೋಣೆಯ ರಾಗಿ ಮೂಟೆಗಳ ಹಿಂದೆ ಅಡಗಿತು. ಯಾರೂ ಎಳೆಯಕೂಡದೆಂದು ಏಕಾಂತಯ್ಯನವರ ಕಟ್ಟಪ್ಪಣೆ. ತಮ್ಮ ವಾಸನೆ ಒಗ್ಗಲೆಂದು ತಾವುಟ್ಟ ಹಳೆಯ ಪಂಚೆಯನ್ನೇ ಹಾಸಿದರು. ಹೊತ್ತಿಗೆ ಸರಿಯಾಗಿ ಹಾಲಿನ ಬಟ್ಟಲಿಟ್ಟು, ಅದಕ್ಕೆ ಬೆನ್ನು ಮಾಡಿ ಕುಳಿತು ಪತ್ರಿಕೆ ಓದಿದರು. ಕೈ ಪರಚಿದಾಗ, "ಕೋಪಕ್ಕಲ್ಲ, ಭಯಕ್ಕೆ" ಎಂದರು. ಕೋಟಿನ ಮೇಲೆ ಉಚ್ಚೆ ಹೊಯ್ದಾಗ ತಾವೇ ಒಗೆದುಕೊಂಡರು. ಇಪ್ಪತ್ತಾರನೆಯ ಬೆಳಿಗ್ಗೆ ಬೆಕ್ಕು ತಾನಾಗಿ ಹೊರಬಂದು ಅವರ ಮೊಣಕಾಲಿಗೆ ತಲೆ ಉಜ್ಜಿದಾಗ ಅವರ ಕಣ್ಣು ತೇವವಾದದ್ದನ್ನು ನಾನೇ ಕಂಡಿದ್ದೇನೆ.

ಕೆಲವು ತಿಂಗಳ ಮೇಲೆ ಹಳೇಬೀಡಿನಿಂದ ಅವರ ಅಣ್ಣನ ಮಗಳು ದ್ರಾಕ್ಷಾಯಣಿ ತನ್ನ ಲಗ್ನಪತ್ರಿಕೆ ಹಿಡಿದು ಬಂದಳು. ಹತ್ತು ವರ್ಷದ ಹಿಂದೆ, ತಂದೆತಾಯಿ ತೀರಿಹೋಗಿ ಎಂಟರ ಮಗುವಾಗಿದ್ದ ಅವಳನ್ನು, ಮಕ್ಕಳಿಲ್ಲದ ಏಕಾಂತಯ್ಯನವರು ಸಾಕಿಕೊಳ್ಳುತ್ತೇನೆಂದು ಕರೆತಂದಿದ್ದರು. ಅವಳೂ ಉಣ್ಣದೆ, ಮಾತಾಡದೆ ಮೂಲೆ ಹಿಡಿದಳು, ಹಾಸಿಗೆಯನ್ನು ಒದ್ದೆಮಾಡಿದಳು. "ಇನ್ನೆರಡು ತಿಂಗ್ಳು ನೋಡೋಣ ಕಣ್ರೀ, ಎಳೇ ಮಗು" ಎಂದು ಹೆಂಡತಿ ಶಿವಗಂಗಮ್ಮ ಅಂಗಲಾಚಿದರೂ ಕೇಳದೆ, ಅವಳನ್ನು ಬಸ್ಸು ಹತ್ತಿಸಿ ಅಜ್ಜಿಯ ಮನೆಗೆ ಕಳಿಸಿಬಿಟ್ಟರು. "ಹೊಂದಿಕೊಳ್ಳುವ ಸ್ವಭಾವದ ಮಗುವಲ್ಲ" ಎಂಬ ಕಾಗದವನ್ನು, ಅವರು ಹೇಳಿದ ಹಾಗೆ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವನು ನಾನು.

ದ್ರಾಕ್ಷಾಯಣಿ ಬೆಕ್ಕಿನತ್ತ ಕೈ ಚಾಚಿದಳು.

"ಮುಟ್ಟಬೇಡ ಕಣಮ್ಮ, ತಾನಾಗಿ ಬರಲಿ," ಎಂದರು ಏಕಾಂತಯ್ಯನವರು. "ಹೊಸಬರು ಅಂದ್ರೆ ಅಂಜಿಕೆ. ನಾವು ಕಾಯಬೇಕು."

"ಈ ಮನೆಗೆ ಒಗ್ಗೋಕೆ ಎಷ್ಟು ದಿನ ಹಿಡೀತು ಚಿಕ್ಕಪ್ಪ?"

"ಇಪ್ಪತ್ತಾರು ದಿನ," ಎಂದರು ಹೆಮ್ಮೆಯಿಂದ.

"ನಾನು ಹದಿನೆಂಟು ದಿನ ಇದ್ದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಬಂದ ಶಿವಗಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಏಕಾಂತಯ್ಯನವರು ಬೆಕ್ಕಿನ ಬೆನ್ನು ಸವರುತ್ತ, "ಅದು ಬೇರೆ ಕಣಮ್ಮ" ಎಂದರು. ಮದುವೆಗೆ ಶಿವಗಂಗಮ್ಮ ಒಬ್ಬರೇ ಹೋದರು. ಬೆಕ್ಕು ಮರಿ ಹಾಕುವ ದಿನಗಳೆಂದು ಇವರು ಮನೆಯಲ್ಲೇ ಉಳಿದರು.

ಇಂಥವರನ್ನು ಕಲ್ಲೆದೆಯವರೆಂದು ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಕಣ್ಣೀರು ಅವರಿಗೂ ಬರುತ್ತದೆ. ಆದರೆ ಅವರ ಕಾರುಣ್ಯವು ಮಾತು ಬಾರದ, ಮುಂದೊಂದು ದಿನ ಎದುರು ನಿಂತು ಕೇಳಲಾರದ ಜೀವಗಳನ್ನೇ ಅರಸಿಕೊಂಡು ಹೋಗುತ್ತದೆ. ಮನುಷ್ಯಶಿಶುವಿನ ಬಳಿ ಬಂದೊಡನೆ ಕೃತಜ್ಞತೆಯನ್ನು, ಅದೂ ಆ ಕ್ಷಣವೇ, ಬೇಡತೊಡಗುತ್ತದೆ. ಅವರು ಊರೂರಲ್ಲೂ ಸಜ್ಜನರೆನಿಸಿಕೊಂಡು ಬಾಳುತ್ತಾರೆ, ಅವರ ಮಾತನ್ನು ಅಂದವಾಗಿ ಬರೆದುಕೊಡುವ ನನ್ನಂಥವರು ಪಕ್ಕದ ಮನೆಯಲ್ಲೇ ಇರುತ್ತೇವೆ.